ಖಾಲಿ ಹಾಳೆಯ ಕಾವಲು

ಹೈದರಾಬಾದಿನ ಬಾಲಾನಗರದಲ್ಲಿ ಕಾರ್ಖಾನೆಗಳ ಸೈರನ್ ಇನ್ನೂ ಕೂಗಿಲ್ಲ. ತಗಡಿನ ಶೆಡ್ಡಿನೊಳಗೆ ಅಂಬುಬಾಯಿ ಒಬ್ಬರೇ ನಿಂತು, ಯಾರೂ ಏನೂ ಬರೆಯದ ಉತ್ತರ ಹಾಳೆಯೊಂದನ್ನು ಯಂತ್ರದ ಬಾಯಿಗೆ ಕೊಡುತ್ತಾರೆ. ಯಂತ್ರ ಅದನ್ನು ಸರ್ರನೆ ಒಳಗೆಳೆದುಕೊಳ್ಳುತ್ತದೆ. ಪರದೆಯ ಮೇಲೆ ಸೊನ್ನೆ ಮೂಡುವ ತನಕ ಅವರು ಉಸಿರು ಬಿಡುವುದಿಲ್ಲ.

ಮೆಡಿಕಲ್, ಎಂಜಿನಿಯರಿಂಗ್ ಸೀಟಿಗಾಗಿ ಮಕ್ಕಳು ಪೆನ್ಸಿಲ್ಲಿನಿಂದ ಕಪ್ಪು ಮಾಡಿದ ಸುತ್ತುಗಳನ್ನು ಓದಿ ಅಂಕ ಹಾಕುವ ಯಂತ್ರವಿದು. ಗುತ್ತಿಗೆ ಕಂಪನಿಯೊಂದು ಪ್ರತಿ ಬೇಸಿಗೆ ನಡೆಸುತ್ತದೆ. ಅಂಬುಬಾಯಿಯದು ಅದಕ್ಕೆ ಹಾಳೆ ಉಣಿಸುವ ಕೆಲಸ. ಅಂಟಿಕೊಂಡ ಹಾಳೆಗಳನ್ನು ಇಸ್ಪೀಟೆಲೆಯ ಹಾಗೆ ಹರವಿ, ಅಂಚು ತಟ್ಟಿ ಜೋಡಿಸಬೇಕು. ದಿನಕ್ಕೆ ಹತ್ತು ಸಾವಿರದಷ್ಟು. ಸಂಜೆಗೆ ಬೆರಳ ತುದಿ ಸೀಳಿ, ಸಾರನ್ನ ಕಲಸಿದರೆ ಉರಿಯುತ್ತದೆ. ರಾಯಚೂರಿನಿಂದ ಬಂದ ಗಂಡ ಇಲ್ಲಿಯ ಕಾರ್ಖಾನೆಯೊಂದರ ಲೇಥ್ ಯಂತ್ರದ ಮುಂದೆ ದುಡಿದು ತೀರಿಕೊಂಡ ಮೇಲೆ ಹಿಡಿದ ಕೆಲಸ. ರಿಸಲ್ಟಿನ ದಿನ ಟಿವಿಯಲ್ಲಿ ಹಾರ ಹಾಕಿಸಿಕೊಳ್ಳುವವರು ಬೇರೆ.

ಖಾಲಿ ಹಾಳೆಯ ರೂಢಿ ಶುರುವಾದದ್ದು ಹೋದ ಬೇಸಿಗೆ. ಪರೀಕ್ಷೆಗೆ ಬಾರದವರ ಹಾಳೆಗಳೂ ಕಟ್ಟಿನಲ್ಲಿರುತ್ತವೆ. ಒಂದು ದಿನ ಅಂಥದೊಂದು ಹಾಳೆ ಒಳಗೆ ಹೋದರೆ ಪರದೆ ತುಂಬ ಉತ್ತರ. ಪ್ರತಿ ಪ್ರಶ್ನೆಗೂ ಮೂರನೆಯ ಸುತ್ತು. ಗೈರುಹಾಜರಾದ ಇನ್ನೊಬ್ಬರದೂ ಹಾಗೇ. ಪರೀಕ್ಷೆಗೆ ಹೊರಟು ಲಾರಿಗೆ ಸಿಕ್ಕಿ ಸತ್ತ ಹುಡುಗನ ಸುದ್ದಿ ಆಗ ಎಲ್ಲರ ಬಾಯಲ್ಲಿತ್ತು. "ಅವನೂ ಬಂದು ಕುಂತು ಬರದಂಗ ಅನಿಸ್ತ್ರಿ. ಎಲ್ಲಾರೂ ಒಂದ ಕೈಲೆ ಬರದಂಗ," ಎನ್ನುತ್ತಾರೆ ಅಂಬುಬಾಯಿ.

ಹೋಗಿ ಹೇಳಿದರೆ ಮೇಲ್ವಿಚಾರಕ ರಾಮಕೃಷ್ಣ ಕುರ್ಚಿ ಬಿಟ್ಟು ಏಳಲಿಲ್ಲವಂತೆ. "ಅಂಬಕ್ಕ, ಮಿಷನ್ ತಪ್ಪು ಮಾಡಲ್ಲ. ಪೆನ್ಸಿಲ್ ತಪ್ಪು ಮಾಡುತ್ತೆ."

"ಪೆನ್ಸಿಲ್ ಹಿಡಿಯೋ ಕೈನ ಬಂದಿಲ್ಲಲ್ರಿ, ಸಾಹೇಬ್ರ."

ಅಂಬುಬಾಯಿ ಹಟ ಹಿಡಿದು ಯಂತ್ರದ ಮುಚ್ಚಳ ತೆಗೆಸಿದರೆ ಒಳಗಿನ ಗಾಜಿಗೆ ಕುಂಕುಮದ ಒಂದು ಕಣ ಅಂಟಿತ್ತು. ಬೇಸಿಗೆಯ ಮೊದಲ ದಿನ ಯಂತ್ರಕ್ಕೆ ಪೂಜೆ ಮಾಡುವುದು ಕಂಪನಿಯವರ ಪದ್ಧತಿ. ಕಣದ ಕೆಳಗೆ ಹಾದ ಹಾಳೆಯಲ್ಲೆಲ್ಲ ಮೂರನೆಯ ಸುತ್ತುಗಳ ಸಾಲು ಕಪ್ಪಾಗಿ ಕಾಣುತ್ತಿತ್ತು. ಬೇರೆ ಸುತ್ತು ತುಂಬಿದ ಮಕ್ಕಳದು ಎರಡೆರಡು ಉತ್ತರವೆಂದು ರದ್ದು. ಎಲ್ಲವನ್ನೂ ಮತ್ತೆ ಉಣಿಸಿದರು. ಸುದ್ದಿ ಮಾತ್ರ ಶೆಡ್ಡು ದಾಟಲಿಲ್ಲ. ದಾಟಲು ಕಂಪನಿಯವರು ಬಿಟ್ಟಾರೆಯೇ?

ಹಿಂದಿನ ಬೇಸಿಗೆಗಳಲ್ಲೂ ಪೂಜೆಯಾಗಿತ್ತು. ಆಗ ಮುಚ್ಚಳ ತೆಗೆದು ನೋಡಿದವರಿಲ್ಲ. ಅಂಥ ಒಂದು ಬೇಸಿಗೆ ಅಂಬುಬಾಯಿಯ ಮಗಳು ನೀಲಾ ಪರೀಕ್ಷೆ ಬರೆದಿದ್ದಳು. ಅವಳ ಹಾಳೆಯೂ ಇದೇ ಬಾಯಿಗೆ, ಬಹುಶಃ ತಾಯಿಯ ಕೈಯಿಂದಲೇ ಹೋಯಿತು. ಅಂಕ ತೀರಾ ಕಡಿಮೆ ಬಂತು. ಡಾಕ್ಟರಾಗಬೇಕೆಂದಿದ್ದವಳು ಈಗ ಔಷಧದ ಅಂಗಡಿಯಲ್ಲಿ ಮಾತ್ರೆ ಕಟ್ಟಿಕೊಡುತ್ತಾಳೆ. ಹಳೆಯ ಹಾಳೆ ತೋರಿಸಿ ಎಂದು ತಾಯಿ ಆಫೀಸಿಗೆ ಅಲೆದರು. ಸುಟ್ಟಾಗಿದೆ ಎಂದರು ಅಲ್ಲಿಯವರು, ತಲೆಯೆತ್ತದೆ.

"ನಾನ ಸರಿ ಓದಿದ್ದಿಲ್ಲವ್ವಾ ಅಂತಾಳ್ರಿ ನೀಲಾ. ಖರೇನ ಅಂತಾಳೋ, ನನ್ನ ಸಮಾಧಾನಕ್ಕ ಅಂತಾಳೋ, ತಿಳೀವಲ್ದು."

ಈ ವರ್ಷದ ಪೂಜೆಯಲ್ಲಿ ಅಂಬುಬಾಯಿ ಯಂತ್ರದ ಬಾಯಿಗೆ ಸೆರಗು ಮುಚ್ಚಿ ನಿಂತಿದ್ದರು. "ಏನ್ ಅಂಬಕ್ಕ, ಮಿಷನ್ನಿಗೂ ನಾಚಿಕೆನಾ?" ಎಂದು ರಾಮಕೃಷ್ಣ ನಕ್ಕರಂತೆ. ಅವರು ಸೆರಗು ತೆಗೆಯಲಿಲ್ಲ.

ಹೊರಗೆ ಸೈರನ್ ಕೂಗುತ್ತದೆ. ಮೊದಲ ಕಟ್ಟಿನ ದಾರ ಬಿಚ್ಚುತ್ತ ಹೇಳುತ್ತಾರೆ: "ನನಗೇನೂ ಬ್ಯಾಡ್ರಿ. ನಾ ಹೋದ ಮ್ಯಾಲೂ ಯಾರರ ಒಬ್ರು ಮುಂಜಾನೆ ಒಂದು ಖಾಲಿ ಹಾಳಿ ಹಾಕಿ ನೋಡಬೇಕು. ಬರೀಲಾರದವರ ಹೆಸರೀಲೆ ಮಿಷನ್ ತಾನ ಬರೀಬಾರದು."