ಅತ್ತೆ ತೊಳೆದಿಟ್ಟ ಬೆಳ್ಳಿ ಡಾಲರು

ನಾನು ಬೆಳ್ಳಿ ಡಾಲರುಗಳ ಹಿಂದೆ ಬಿದ್ದದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಘಣಸೋಲಿಯ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರಿಗೆ ಹಳೆಯ ನಾಣ್ಯಗಳ ಹುಚ್ಚಿತ್ತು. ಒಂದು ದಿನ ಊಟದ ಹೊತ್ತಿಗೆ ಅವರು ಚಪಾತಿ ಡಬ್ಬಿಯ ಪಕ್ಕದಿಂದ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದರು. ಒಳಗೆ ದೊಡ್ಡದೊಂದು ನಾಣ್ಯ. ಒಂದು ಬದಿಯಲ್ಲಿ ತ್ರಿಶೂಲ ಹಿಡಿದು ನಿಂತ ಹೆಂಗಸು, ಇನ್ನೊಂದು ಬದಿಯಲ್ಲಿ ಚೀನೀ ಮತ್ತು ಮಲಾಯ್ ಅಕ್ಷರಗಳು.

"ಡಾಲರ್ ಆಹೇ, ಪಣ್ ಆಪಲ್ಯಾ ಮುಂಬಯೀಚಾ," ಎಂದರು. ಡಾಲರೇ, ಆದರೆ ನಮ್ಮ ಮುಂಬಯಿಯದ್ದು. ಬ್ರಿಟಿಷರ ಕಾಲದಲ್ಲಿ ಹಾಂಗ್‌ಕಾಂಗ್, ಸಿಂಗಾಪುರದ ವ್ಯಾಪಾರಕ್ಕೆಂದು ಇಲ್ಲಿನ ಟಂಕಸಾಲೆಯಲ್ಲಿ ಅಚ್ಚು ಹಾಕಿ ಹಡಗಿನಲ್ಲಿ ಕಳಿಸುತ್ತಿದ್ದರಂತೆ.

ಅವರು ಆ ಕಥೆ ಹೇಳುತ್ತಿದ್ದರು, ನಾನು ಬಣ್ಣ ನೋಡುತ್ತಿದ್ದೆ. ನಡುವೆ ಬೆಳ್ಳಿ ಬೆಳ್ಳಿಯಾಗಿಯೇ ಇತ್ತು. ಅಂಚಿಗೆ ಹೋದಂತೆ ಸಾಸಿವೆ ಹಳದಿ, ಆಮೇಲೆ ಅಬ್ಬಲಿಗೆ ಹೂವಿನ ಕೆಂಪು, ಕೊನೆಗೆ ನವಿಲಿನ ಕೊರಳಿನ ನೀಲಿ. ಯಾರೂ ಹಚ್ಚಿದ ಬಣ್ಣವಲ್ಲ. ಯಾವುದೋ ಕಾಗದದಲ್ಲಿ ಸುತ್ತಿ ಯಾವುದೋ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದ ಬೆಳ್ಳಿಗೆ ಹತ್ತಾರು ವರ್ಷದ ಗಾಳಿ ತಾಗಿ ತಾನಾಗಿ ಬಂದದ್ದು. ಇದಕ್ಕೆ ಟೋನಿಂಗ್ ಎನ್ನುತ್ತಾರೆ, ಇಂಥವು ಆನ್‌ಲೈನ್ ಹರಾಜಿಗೆ ಬರುತ್ತಿರುತ್ತವೆ ಎಂದು ಅವರೇ ಹೇಳಿದರು.

ಅಂದಿನಿಂದ ರೈಲಿನಲ್ಲಿ ನನ್ನ ಕೆಲಸ ಇದೇ ಆಯಿತು. ಡೊಂಬಿವಲಿಯಿಂದ ಥಾಣೆಯವರೆಗೆ ಕೈ ಎತ್ತುವುದಕ್ಕೂ ಜಾಗವಿರುವುದಿಲ್ಲ. ಥಾಣೆಯಲ್ಲಿ ವಾಶಿ ಗಾಡಿ ಹಿಡಿದರೆ ಒಮ್ಮೊಮ್ಮೆ ಸೀಟು ಸಿಗುತ್ತದೆ. ಐರೋಲಿ ದಾಟುವಷ್ಟರಲ್ಲಿ ಹರಾಜಿನ ಪಟ್ಟಿಯ ಹತ್ತಾರು ಫೋಟೋ ನೋಡಿ ಮುಗಿಸುತ್ತಿದ್ದೆ. ಮೊದಲು ಕೊಂಡದ್ದರಲ್ಲೇ ಮೋಸ ಹೋದೆ. ಫೋಟೋದಲ್ಲಿ ಕಾಮನಬಿಲ್ಲಿನಂತಿದ್ದ ನಾಣ್ಯಕ್ಕೆ ಯಾರೋ ಒಲೆಯ ಮೇಲೆ ಬಣ್ಣ ಬರಿಸಿದ್ದರು. ಪಕ್ಕದ ಮೇಜಿನವರು ಒಂದೇ ನೋಟದಲ್ಲಿ ತಲೆ ಆಡಿಸಿ ಪೆಟ್ಟಿಗೆ ಮುಚ್ಚಿದರು.

ಎರಡನೆಯ ವರ್ಷ ಒಂದು ನಿಜವಾದ ಚೆಲುವೆ ಸಿಕ್ಕಿತು. ಇಡೀ ಮುಖ ಕಡುನೀಲಿ, ತಿರುಗಿಸಿದರೆ ನೇರಳೆ. ಅದು ಮನೆಗೆ ಬಂದದ್ದು ದೀಪಾವಳಿಯ ವಾರದಲ್ಲಿ. ಕಿಟಕಿಯ ಬೆಳಕಿನಲ್ಲಿ ಅದರ ಫೋಟೋ ತೆಗೆಯುತ್ತಿದ್ದೆ, ಗಾಡಿಗೆ ಹೊತ್ತಾಯಿತೆಂದು ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಹಾಗೆಯೇ ಇಟ್ಟು ಓಡಿದೆ.

ಸಂಜೆ ಬಂದಾಗ ಅದು ದೇವರ ಮುಂದೆ ತಟ್ಟೆಯಲ್ಲಿತ್ತು. ಹೊಸ ಸ್ಟೀಲು ಲೋಟದ ಹಾಗೆ ಹೊಳೆಯುತ್ತಿತ್ತು.

ಅತ್ತೆಗೆ ಆಗ ಎಪ್ಪತ್ತಾರು. ಕುಂದಾಪುರದ ಕಡೆಯವರು, ಮಾವ ಡೊಂಬಿವಲಿಯಲ್ಲಿ ಹೋಟೆಲು ತೆರೆದಾಗಿನಿಂದ ಇಲ್ಲಿದ್ದಾರೆ. ನನ್ನನ್ನು ನೋಡಿ ಖುಷಿಯಿಂದಲೇ ಹೇಳಿದರು: "ಲಕ್ಷ್ಮೀಪೂಜೆಗೆ ತಂದದ್ದಲ್ವಾ? ಕಪ್ಪು ಹಿಡಿದಿತ್ತು ಮಾರಾಯ್ತಿ. ಹುಳಿ ಹಾಕಿ ತಿಕ್ಕಿದೆ, ಆಮೇಲೆ ಹಲ್ಲುಪುಡಿ ಹಾಕಿದೆ. ಈಗ ನೋಡು."

"ಅತ್ತೆ, ನಿಮಗೆ ಕಣ್ಣು ಕಾಣಿಸುವುದಿಲ್ಲವಾ?" ಎಂದುಬಿಟ್ಟೆ.

ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಅವರೊಂದಿಗೆ ಹಾಗೆ ಮಾತನಾಡಿದ್ದು ಅದೇ ಮೊದಲು. ಅವರು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದರು. ಬೆಳ್ಳಿಯ ಮೇಲಿನ ಬಣ್ಣ ಒಮ್ಮೆ ಹೋದರೆ ಹೋಯಿತು, ಮತ್ತೆ ಬರಿಸಲು ಒಂದು ಜನ್ಮ ಬೇಕು ಎಂದು ನಮ್ಮವರಿಗೆ ಹೇಳಿದೆ. ಅವರು ಹೋಟೆಲಿನಿಂದ ದಣಿದು ಬಂದಿದ್ದರು. "ಅಮ್ಮ ಬೇಕಂತ ಮಾಡಿದ್ದಲ್ಲ," ಎಂದಷ್ಟೇ ಹೇಳಿದರು. ಅದು ನನಗೂ ಗೊತ್ತಿತ್ತು. ಆದರೂ ಹಬ್ಬದ ನಾಲ್ಕು ದಿನ ಅಡುಗೆಮನೆಯಲ್ಲಿ ನಾವಿಬ್ಬರೂ ಉಪ್ಪು, ಕಾಯಿ ಎಂಬಷ್ಟೇ ಮಾತಾಡಿದೆವು.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಕಡುನೀಲಿ ರೇಷ್ಮೆ ಸೀರೆ ಮಡಿಸಿ ಮಂಚದ ಮೇಲಿತ್ತು. ಅದರ ಫಾಲ್ ಬಿಚ್ಚಿಹೋಗಿತ್ತು. ನಾನು ಕೇಳದೆಯೇ ಅತ್ತೆ ಕೂತು ಹೊಲಿದಿದ್ದರು, ರಾಜಿಗೆ ಬಂದ ಹಾಗೆ. ಅವರ ಹೊಲಿಗೆ ಯಾವಾಗಲೂ ಒಂದೇ ಅಳತೆಯದ್ದು. ದಾರ ಮಾತ್ರ ಕಪ್ಪು.

"ನೀಲಿ ದಾರ ಸಿಗಲಿಲ್ಲವಾ ಅತ್ತೆ?" ಎಂದೆ.

"ಕಪ್ಪು ಸೀರೆಗೆ ನೀಲಿ ದಾರ ಎಂತಕ್ಕೆ?" ಎಂದರು.

ನಾನು ಸೀರೆಯನ್ನು ಬಾಲ್ಕನಿಗೆ ಒಯ್ದು ಬಿಸಿಲಿಗೆ ಹಿಡಿದೆ. ಅವರೂ ಬಂದು ನೋಡಿದರು. ಕಪ್ಪೇ ಎಂದರು. ದಾರದ ಡಬ್ಬಿ ತಂದು ನೀಲಿ ಉಂಡೆ, ಕಪ್ಪು ಉಂಡೆ ಎರಡನ್ನೂ ಅವರ ಅಂಗೈಯಲ್ಲಿಟ್ಟೆ. ಅವರು ಎರಡನ್ನೂ ಹೊರಳಿಸಿ ನೋಡಿ, ನನ್ನ ಮುಖ ನೋಡಿದರು. ನಾನು ದೀಪಾವಳಿಯ ಸಂಜೆ ಆಡಿದ ಮಾತು ನನ್ನ ಕಿವಿಗೇ ಬಂದು ಬಡಿದ ಹಾಗಾಯಿತು.

ಥಾಣೆಯ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ವಿವರಿಸಿದರು. ಎರಡೂ ಕಣ್ಣಲ್ಲಿ ಪೊರೆ ಬಲಿತಿತ್ತು. ಒಳಗಿನ ಮಸೂರ ಹಳೆಯ ಗಾಜಿನಂತೆ ಹಳದಿಯಾಗಿ, ನೀಲಿ ಬೆಳಕೇ ಒಳಗೆ ಇಳಿಯುತ್ತಿರಲಿಲ್ಲ. ಮೆಲ್ಲಮೆಲ್ಲನೆ ಆಗುವುದರಿಂದ ಅವರಿಗೇ ತಿಳಿಯುವುದಿಲ್ಲ, ಜಗತ್ತೇ ಹಾಗಿದೆ ಎಂದುಕೊಳ್ಳುತ್ತಾರೆ ಎಂದರು. "ಮತ್ತೆ ಓದ್ತೇನೆ, ಅಕ್ಕಿ ಆರಿಸ್ತೇನೆ, ನನಗೆಂತ ಆಗಿದೆ?" ಎಂದು ಅತ್ತೆ ಸ್ವಲ್ಪ ಹೊತ್ತು ವಾದಿಸಿದರು. ಕೊನೆಗೆ ಆಪರೇಷನ್ ಬಲಗಣ್ಣಿಗೆ ಮೊದಲು, ತಿಂಗಳು ಬಿಟ್ಟು ಎಡಗಣ್ಣಿಗೆ ಎಂದು ಒಪ್ಪಿದರು.

ಬಲಗಣ್ಣಿನ ಪಟ್ಟಿ ಬಿಚ್ಚಿದ ಮರುದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ಉಳಿಗಾಲವಿರಲಿಲ್ಲ. ಅಡುಗೆಮನೆಯ ಟೈಲ್ಸಿಗೆ ಎಣ್ಣೆ ಜಿಡ್ಡು ಹಿಡಿದಿದೆಯಂತೆ. ನಮ್ಮವರ ಹೋಟೆಲಿನ ಅಂಗಿ ಬಿಳಿಯೇ ಅಲ್ಲವಂತೆ. ಒಂದು ಕಣ್ಣಿಗೆ ಕೈ ಅಡ್ಡ ಹಿಡಿಯುವುದು, ಆಮೇಲೆ ಇನ್ನೊಂದಕ್ಕೆ. "ಈ ಕಣ್ಣಲ್ಲಿ ಹಾಲು ಹಾಲೇ. ಆ ಕಣ್ಣಲ್ಲಿ ಹಾಲಿಗೆ ಚಾ ಬಿದ್ದ ಹಾಗೆ ಕಾಣ್ತದೆ," ಎನ್ನುವರು. ನನ್ನ ತಲೆಯಲ್ಲಿ ಎಷ್ಟು ಬಿಳಿಕೂದಲಿವೆ ಎಂಬುದೂ ಹೊರಗೆ ಬಂತು.

ಎರಡು ವಾರ ಕಳೆದು ಒಂದು ಶನಿವಾರ ಮಧ್ಯಾಹ್ನ ಅವರೇ ಕೇಳಿದರು. "ನಿನ್ನ ಆ ನಾಣ್ಯ ಎಲ್ಲ ತಾ, ನೋಡುವ."

ಪೆಟ್ಟಿಗೆ ತಂದು ಮೇಜಿನ ಮೇಲೆ ಇಟ್ಟೆ. ಆಗ ನನ್ನ ಹತ್ತಿರ ಒಟ್ಟು ಏಳಿದ್ದವು. ಅವರು ಒಂದೊಂದನ್ನೇ ಕಿಟಕಿಗೆ ಹಿಡಿದು, ಮೊದಲು ಹಳೆಯ ಕಣ್ಣಲ್ಲಿ, ಆಮೇಲೆ ಹೊಸ ಕಣ್ಣಲ್ಲಿ ನೋಡಿದರು. ಅಂಚಿನಲ್ಲಿ ಮಾತ್ರ ನೀಲಿಯಿದ್ದ ಒಂದನ್ನು ಹಿಡಿದಾಗ ಅವರ ಕೈ ನಿಂತಿತು. ಎರಡು ಮೂರು ಸಲ ಕಣ್ಣು ಬದಲಿಸಿದರು.

"ಶಂಖಪುಷ್ಪದ ಬಣ್ಣ," ಎಂದರು. ನಾಣ್ಯವನ್ನು ಇನ್ನೊಮ್ಮೆ ಹೊರಳಿಸಿ, "ನಾನು ತೊಳೆದದ್ದು ಹೀಗೇ ಇತ್ತಾ?"

ಇಲ್ಲ ಎನ್ನಬಹುದಿತ್ತು. ಅವರ ಮುಂದೆ ಸುಳ್ಳು ಹೇಳಲು ಆಗಲಿಲ್ಲ. "ಇದಕ್ಕಿಂತ ಚೆನ್ನಾಗಿತ್ತು ಅತ್ತೆ. ಇಡೀ ನಾಣ್ಯ ಈ ಬಣ್ಣ. ಆದರೆ ನಾನು ಹಾಗೆ ಹೇಳಬಾರದಿತ್ತು."

"ನೀ ಹೇಳಿದ್ದು ಸರಿಯೇ. ಕಣ್ಣು ಕಾಣ್ತಾ ಇರ್ಲಿಲ್ಲ," ಎಂದರು. ನಕ್ಕರು. ನನಗೆ ಅಳು ಬಂತು. ಅವರು ನಾಣ್ಯವನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದರು. "ಆಯ್ತು, ಇನ್ನೊಂದು ಹುಡುಕುವ."

ಹೀಗೆ ಅತ್ತೆ ಈ ಹುಚ್ಚಿಗೆ ಇಳಿದರು. ಎಡಗಣ್ಣಿನ ಆಪರೇಷನ್ನೂ ಮುಗಿದ ಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ನನ್ನ ಮಗಳು ಲ್ಯಾಪ್‌ಟಾಪಿನಲ್ಲಿ ಫೋಟೋ ದೊಡ್ಡದು ಮಾಡಿ ತೋರಿಸುವಳು. ಅಜ್ಜಿ ಕನ್ನಡದಲ್ಲಿ ಕೇಳುವುದು, ಮೊಮ್ಮಗಳು ಮರಾಠಿಯಲ್ಲಿ ಉತ್ತರಿಸುವುದು. ಜೀವಮಾನವಿಡೀ ಸೀರೆ ಕೊಳ್ಳಲು ಹೋದಾಗ ಅಂಗಡಿಯಲ್ಲೇ ಬಣ್ಣ ಬಿಡುವ ಸೀರೆ ಯಾವುದು, ಬಿಡದ್ದು ಯಾವುದು ಎಂದು ಬೆರಳಲ್ಲಿ ಉಜ್ಜಿ ಹೇಳುತ್ತಿದ್ದವರಿಗೆ ಸುಳ್ಳು ಬಣ್ಣ ತಿಳಿಯಲು ತುಂಬ ದಿನ ಬೇಕಾಗಲಿಲ್ಲ. "ಇದು ಹಚ್ಚಿದ್ದು," ಎನ್ನುವರು. "ತಾನಾಗಿ ಬಂದ ಬಣ್ಣ ಅಕ್ಷರದ ಹತ್ತಿರ ಸ್ವಲ್ಪ ಹಿಂದೆ ನಿಲ್ತದೆ. ಇದು ಎಲ್ಲದರ ಮೇಲೂ ಹಾರಿಹೋಗಿದೆ." ಪಕ್ಕದ ಮೇಜಿನವರಿಗೆ ಹೇಳಿದಾಗ ಅವರು ಹುಬ್ಬೇರಿಸಿ, ಅದು ನಿಜ, ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದರು.

ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಮಧ್ಯಾಹ್ನದ ಹರಾಜಿನಲ್ಲಿ ಎರಡು ಡಾಲರುಗಳನ್ನು ಗುರುತು ಹಾಕಿಟ್ಟಿದ್ದೆವು. ಮೊದಲನೆಯದು ನಮ್ಮ ಕೈಗೆ ಎಟುಕದ ಎತ್ತರಕ್ಕೆ ಹೋಯಿತು. ನನಗೆ ಹೊಟ್ಟೆ ಉರಿಯಿತು. ಅತ್ತೆ, "ಹೋಗ್ಲಿ ಬಿಡು. ತಗೊಂಡವನಿಗೂ ಮನೆಯಲ್ಲಿ ತೋರಿಸ್ಲಿಕ್ಕೆ ಯಾರಾದರೂ ಇರಬಹುದು," ಎಂದರು. ಎರಡನೆಯದರ ಮುಖ ಸ್ವಲ್ಪ ಸವೆದಿತ್ತು, ಆದರೆ ಒಂದು ಬದಿಯಲ್ಲಿ ಬಿದಿಗೆ ಚಂದ್ರನಂತೆ ನೀಲಿ ಮತ್ತು ಅಬ್ಬಲಿಗೆ ಬಣ್ಣದ ಪಟ್ಟಿ. ಬೇರೆ ಯಾರೂ ಅದನ್ನು ಅಷ್ಟು ಬಯಸಿದಂತೆ ಕಾಣಲಿಲ್ಲ. ಅದು ನಮಗೇ ಸಿಕ್ಕಿತು.

ಅಂಚೆಯಲ್ಲಿ ತರಿಸುವುದು ಬೇಡ, ಹೋಗಿ ತರುವ ಎಂದು ಅತ್ತೆ ಹಠ ಹಿಡಿದರು. ವಾಶಿಯ ಒಂದು ಪುಟ್ಟ ಆಫೀಸಿನಿಂದ ಪಡೆದುಕೊಳ್ಳಬೇಕಿತ್ತು. ಥಾಣೆಯಿಂದ ಹೊರಟ ಗಾಡಿಯಲ್ಲಿ ಅವರಿಗೆ ಕಿಟಕಿ ಸೀಟು ಸಿಕ್ಕಿತು. ಹಳಿಯ ಬದಿಯ ಮನೆಗಳ ಮೇಲೆಲ್ಲ ಮಳೆಗೆ ಹೊದಿಸಿದ ನೀಲಿ ತಾಡಪತ್ರಿ. "ಇಷ್ಟೊಂದು ನೀಲಿ ಯಾವಾಗ ಹಾಕಿದ್ದು ಇವರೆಲ್ಲ?" ಎಂದು ಕೇಳಿದರು. ಯಾವಾಗಲೂ ಹೀಗೇ ಇತ್ತು ಎಂದೆ.

ವಾಪಸು ಬರುವಾಗ ತಡೆಯಲಾರದೆ ಪರ್ಸಿನಿಂದ ನಾಣ್ಯ ತೆಗೆದರು. ಎದುರಿಗೆ ಕೂತಿದ್ದ ಸೊಪ್ಪಿನ ಚೀಲದ ಹೆಂಗಸು, "ಕಾಯ್ ಆಹೇ ಆಜಿ?" ಎಂದು ಅದೇನೆಂದು ಕೇಳಿದಳು. ಅತ್ತೆ ತಮ್ಮ ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಟಂಕಸಾಲೆ, ಹಡಗು, ಚೀನಾ ಎಲ್ಲವನ್ನೂ ಹೇಳಿದರು. ಬೆರಳು ತಾಗಿಸಬೇಡಿ, ಅಂಚಿನಲ್ಲಿ ಹಿಡಿಯಿರಿ ಎಂದು ಕೈಯಲ್ಲೇ ತೋರಿಸಿ ಕೊಟ್ಟೂಬಿಟ್ಟರು. ಮಹಿಳೆಯರ ಡಬ್ಬಿಯಲ್ಲಿ ನಾಣ್ಯ ನಾಲ್ಕಾರು ಕೈ ದಾಟಿತು. ನನ್ನ ಕಣ್ಣು ಅದರ ಹಿಂದೆಯೇ ಓಡುತ್ತಿತ್ತು, ಆದರೆ ನಿಲ್ಲಿಸಿ ಎನ್ನಲು ಮನಸ್ಸಾಗಲಿಲ್ಲ. ಒಬ್ಬಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನೊಬ್ಬಳನ್ನು ಕರೆದು, ನೋಡು ಎಂದು ತೋರಿಸಿದಳು. ಥಾಣೆ ಬರುವಷ್ಟರಲ್ಲಿ ನಾಣ್ಯ ತಿರುಗಿ ಅತ್ತೆಯ ಕೈ ಸೇರಿತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟು, ನನ್ನ ತೋಳು ಹಿಡಿದು, ಡೊಂಬಿವಲಿಯ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಎಂದು ಕೇಳಿದರು.