ಜೋಸಿಯಾನ್ ಬೆರಳಿಗೆ ಸಿಕ್ಕರೆ ಖೋಟಾ ನೋಟಿಗೆ ಉಳಿಗಾಲವಿಲ್ಲ

ಸೋಮವಾರ, ಬೆಳಗಿನ ಆರು ಗಂಟೆ. ಕೋರ್ಟ್ರೈಕ್ ಪಟ್ಟಣದ ಚೌಕದಲ್ಲಿ ವಾರದ ಸಂತೆ ಆಗಷ್ಟೇ ಕಣ್ಣು ಬಿಡುತ್ತಿದೆ. ಜೋಸಿಯಾನ್ ವಾನೆಸ್ಟ್ ಗಾಡಿಯಿಂದ ಗಾಲಿಯಾಕಾರದ ದಪ್ಪ ಚೀಸ್ ಗಟ್ಟಿಗಳನ್ನು ಇಳಿಸಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಿದ್ದಾರೆ. ಅಷ್ಟರಲ್ಲಿ ಪಕ್ಕದ ಹೂವಿನಂಗಡಿಯ ಗಾಸ್ತೋನ್ ಇಪ್ಪತ್ತು ಯೂರೋ ನೋಟೊಂದನ್ನು ಹಿಡಿದು ಬರುತ್ತಾನೆ.

"ಜೋಸಿಯಾನ್, ಇದರ ನಾಡಿ ಸ್ವಲ್ಪ ನೋಡು."

ಅವರು ನೋಟಿನತ್ತ ಕಣ್ಣು ಹಾಯಿಸುವುದೇ ಇಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಒಮ್ಮೆ ತೀಡಿ ಹಿಂದಕ್ಕೆ ಕೊಡುತ್ತಾರೆ. "ನೋಟು ಅಪ್ಪಟ. ಹಳೇದಾಗಿರೋದು ನಿನ್ನ ಟುಲಿಪ್ಪು."

ಅರವತ್ತೆಂಟರ ಜೋಸಿಯಾನ್‌ಗೆ ಈ ಚೌಕದಲ್ಲಿ ಚೀಸಿಗಿಂತ ಬೆರಳಿನಿಂದಲೇ ಹೆಚ್ಚು ಹೆಸರು. ಸಂತೆಯ ಒಂದು ದಿನಕ್ಕೆ ಮುನ್ನೂರು ನೋಟುಗಳಾದರೂ ಅವರ ಕೈ ದಾಟುತ್ತವೆ. ಇಪ್ಪತ್ತಮೂರು ವರ್ಷಗಳಲ್ಲಿ ಹಿಡಿದ ಖೋಟಾ ನೋಟುಗಳು ಅರವತ್ತೊಂದು. ಅಷ್ಟನ್ನೂ ತಾವೇ ನಡೆದು ಹೋಗಿ ಬ್ಯಾಂಕಿಗೆ ಒಪ್ಪಿಸಿದ್ದಾರೆ.

ಬೆರಳು ಪಳಗಿದ್ದು ಲೇಯ ನದಿಯ ದಡದ ನಾರುಬಟ್ಟೆ ಗಿರಣಿಯಲ್ಲಿ. ಹದಿನಾರಕ್ಕೆ ಅಲ್ಲಿ ಸೇರಿದ ಜೋಸಿಯಾನ್ ಇಪ್ಪತ್ತೆಂಟು ವರ್ಷ ಮಾಡಿದ್ದು ಒಂದೇ ಕೆಲಸ: ಮೇಜಿನ ಮೇಲೆ ಹರಿದು ಬರುವ ಬಟ್ಟೆಯನ್ನು ಸವರಿ, ಗಂಟು, ಕಡಿದ ಎಳೆ ಹುಡುಕುವುದು. ಗಿರಣಿ ಮುಚ್ಚಿತು. ಅದೇ ವರ್ಷ ಗಂಡ ವಿಲ್ಫ್ರೀಡ್‌ನ ಬೆನ್ನು ಕೈಕೊಟ್ಟು, ಅವನ ಚೀಸ್ ಗಾಡಿ ಇವರ ಹೆಗಲಿಗೆ ಬಿತ್ತು. "ನಾನೂ ಹೊಸಬಳು, ಯೂರೋನೂ ಹೊಸದು" ಎಂದು ನಗುತ್ತಾರೆ. "ಮೊದಲನೇ ತಿಂಗಳಲ್ಲೇ ಒಬ್ಬ ಐವತ್ತರ ಖೋಟಾ ದಾಟಿಸಿಬಿಟ್ಟ. ಕೈಗೆ ಜಾರಿದ ಹಾಗೆ ಅನ್ನಿಸ್ತು, ಆದ್ರೂ ಬೆರಳಿನ ಮಾತು ಕೇಳ್ಲಿಲ್ಲ. ಗಾಡಿ ಹಿಂದೆ ನಿಂತು ಅತ್ತೆ. ನೋಟು ಅಂದ್ರೆ ಹತ್ತಿ ಕಣ್ರೀ, ಬಟ್ಟೆಗೆ ಹತ್ತಿರದ ನೆಂಟ. ನನಗೆ ಗೊತ್ತಾಗ್ಬೇಕಿತ್ತು."

ಒಮ್ಮೆ ಬೆರಳೂ ತಪ್ಪಿದ್ದುಂಟು. ಪಾದ್ರಿಯೊಬ್ಬರು ಕೊಟ್ಟ ನೋಟನ್ನು ಖೋಟಾ ಎಂದು ಎತ್ತಿಟ್ಟರು. ಅದು ನಿಲುವಂಗಿಯ ಜೇಬಿನಲ್ಲಿ ಒಗೆಸಿಕೊಂಡು, ಇಸ್ತ್ರಿಯನ್ನೂ ಮಾಡಿಸಿಕೊಂಡ ಅಸಲಿ ನೋಟು! ಸೇಬಿನ ಕಡುಬು ಮಾಡಿಕೊಂಡು ಹೋಗಿ ಕ್ಷಮೆ ಕೇಳಿ ಬಂದರು.

ಊರು ಇಂದಿಗೂ ಆಡಿಕೊಳ್ಳುವುದು ಎರಡು ವರ್ಷದ ಹಿಂದಿನ ಡಿಸೆಂಬರಿನ ಕಥೆಯನ್ನು. ಹಿಂದೆ ಸೈಕಲ್ ರಿಪೇರಿ ಮಾಡುತ್ತಿದ್ದ ಮುದುಕ ಕಮೀಲ್ ಚೀಸಿಗೆಂದು ಐವತ್ತರ ನೋಟು ಕೊಟ್ಟರು. ಜೋಸಿಯಾನ್ ಬೆರಳು ನಿಂತಿತು. ಸಾಲಿನಲ್ಲಿದ್ದವರು ಗುಸುಗುಸು ಶುರುಮಾಡಿದರು. ಕಮೀಲ್ ಮುಖ ಬಿಳಿಚಿತು.

"ಈಗಷ್ಟೇ ಬ್ಯಾಂಕಿನ ಮಷೀನಿನಿಂದ ತೆಗೆದದ್ದಮ್ಮಾ. ಆಣೆ ಇಟ್ಟು ಹೇಳ್ತೀನಿ."

"ಆಣೆ ಯಾಕೆ? ನಡೀರಿ, ಅಲ್ಲಿಗೇ ಹೋಗೋಣ" ಎಂದ ಜೋಸಿಯಾನ್, ಅಂಗಡಿಯನ್ನು ಗಾಸ್ತೋನ್‌ಗೆ ಒಪ್ಪಿಸಿ ಕಮೀಲ್ ತೋಳು ಹಿಡಿದು ಚೌಕ ದಾಟಿದರು.

ಬ್ಯಾಂಕಿನ ಕೌಂಟರಿನಲ್ಲಿದ್ದ ಹನೆಲೋರ್ ನೋಟನ್ನು ಪರೀಕ್ಷಾ ಯಂತ್ರಕ್ಕೆ ತೂರಿಸಿದಳು. ಹಸಿರು ದೀಪ ಹತ್ತಿತು. "ಸರಿಯಾಗೇ ಇದೆ ಮದಾಮ್. ಯಂತ್ರ ಎಲ್ಲಾ ನೋಡುತ್ತೆ."

"ನೋಡುತ್ತೆ ತಾಯಿ, ಮುಟ್ಟೋದಿಲ್ಲ. ಐವತ್ತರದ್ದೇ ಇನ್ನೊಂಬತ್ತು ನೋಟು ತಗೊಂಡು ಇದನ್ನ ಬೆರೆಸು. ನಾನು ಕಣ್ಣು ಮುಚ್ಕೋತೀನಿ."

ಹನೆಲೋರ್ ಕಮೀಲ್ ನೋಟಿನ ಸಂಖ್ಯೆ ಬರೆದಿಟ್ಟುಕೊಂಡು, ಹತ್ತನ್ನೂ ಕಲಸಿ ಕೈಗಿತ್ತಳು. ಜೋಸಿಯಾನ್ ಒಂದೊಂದನ್ನೇ ತೀಡಿ ಏಳನೆಯದನ್ನು ಹೊರಗಿಟ್ಟರು. ಅದೇ! ಮತ್ತೆ ಕಲಸಿದಳು, ಮತ್ತೆ ಅದೇ. ಮೂರನೆಯ ಸಲವೂ ಅದೇ ಬಂದಾಗ ಹನೆಲೋರ್ ಭೂತಗನ್ನಡಿ ತೆಗೆದಳು. ಉಬ್ಬಿರಬೇಕಾದ ಅಕ್ಷರಗಳು ನುಣ್ಣಗೆ ಮಲಗಿದ್ದವು.

ಮುಂದಿನದೆಲ್ಲ ಸರಸರನೆ ನಡೆಯಿತು. ಜನ ಕಟ್ಟಿದ ಹಣವನ್ನೇ ತಿರುಗಿ ಕೊಡುವ ಆ ಮಷೀನನ್ನು ನಿಲ್ಲಿಸಿ ತೆರೆದರೆ, ಒಳಗೆ ಅದೇ ಅಚ್ಚಿನ ಇನ್ನೂ ಹನ್ನೆರಡು ಇದ್ದವು. ಮಧ್ಯಾಹ್ನದೊಳಗೆ ಸುತ್ತಲಿನ ಎಲ್ಲ ಶಾಖೆಗಳಿಗೂ ಎಚ್ಚರಿಕೆ ಹೋಯಿತು. ಖೋಟಾ ನೋಟಿಗೆ ಬದಲಿ ಕೊಡುವ ರೂಢಿಯಿಲ್ಲ. ಆದರೆ ಬ್ಯಾಂಕಿನ ಮಷೀನೇ ಕೊಟ್ಟದ್ದೆಂದು ಸಾಬೀತಾಗಿ, ಕಮೀಲ್‌ಗೆ ಅಸಲಿ ಐವತ್ತು ಸಿಕ್ಕಿತು. ಚೌಕಕ್ಕೆ ಮರಳಿದಾಗ ಗುಸುಗುಸು ಎಂದವರೇ ಚಪ್ಪಾಳೆ ತಟ್ಟಿದರು.

"ಈಗ್ಲಾದ್ರೂ ಚೀಸು ಕೊಡ್ತೀಯಾ?" ಎಂದು ಕಮೀಲ್ ಕೇಳಿದರೆ ಜೋಸಿಯಾನ್ ನೋಟನ್ನು ಇಸಿದುಕೊಂಡು ಮತ್ತೊಮ್ಮೆ ತೀಡಿದರಂತೆ. "ಅಭ್ಯಾಸಬಲ, ಬೇಜಾರು ಮಾಡ್ಕೋಬೇಡಿ!"

ಅಲ್ಲಿಂದೀಚೆಗೆ ಪ್ರತಿ ವಸಂತದಲ್ಲೂ ಶಾಖೆಯ ಹೊಸ ಸಿಬ್ಬಂದಿಗೆ ಜೋಸಿಯಾನ್ ಪಾಠ ಹೇಳುತ್ತಾರೆ. ಎಲ್ಲರೂ ಕಣ್ಣು ಮುಚ್ಚಿ ಕೂರಬೇಕು, ಮೊದಲ ಅರ್ಧ ಗಂಟೆ ಬರೀ ನಾರುಬಟ್ಟೆ ಸವರಬೇಕು. ಸಂಭಾವನೆ ಕೊಡಹೋದರೆ ಬೇಡವೆಂದು, ಕೊನೆಗೆ ಬ್ಯಾಂಕಿನ ಒಂದು ಕೊಡೆ ಮಾತ್ರ ಇಸಿದುಕೊಂಡಿದ್ದಾರೆ.

ಕಳೆದ ತಿಂಗಳು ಸಂತೆಯ ನಡುವೆಯೇ ಹನೆಲೋರ್ ಫೋನು ಬಂತು. "ಮದಾಮ್, ಹಿಡಿದೆ! ಯಂತ್ರಕ್ಕೆ ಹಾಕೋ ಮೊದ್ಲೇ, ಬರೀ ಬೆರಳಲ್ಲಿ!"

ಅದನ್ನು ಹೇಳುವಾಗ ಜೋಸಿಯಾನ್ ಮುಖ ಅರಳುತ್ತದೆ. "ಆವತ್ತು ಸಾಲಲ್ಲಿದ್ದ ಅಷ್ಟೂ ಜನಕ್ಕೆ ಒಂದೊಂದು ತುಂಡು ಚೀಸು ಪುಕ್ಕಟೆ ಕೊಟ್ಟೆ. ನನ್ನ ಮಗಳು ವಕೀಲಿ ಪಾಸಾದಾಗ್ಲೂ ಹಾಗೆ ಕುಣಿದಿರಲಿಲ್ಲ." ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. "ಅಯ್ಯೋ, ಇದನ್ನ ಪೇಪರಲ್ಲಿ ಹಾಕ್ಬೇಡಿ. ಅವಳು ಓದ್ತಾಳೆ."