ಮೈಲೋನ ಪಾಲಿನ ಬರ್ಗರ್

ಬ್ರೆನಾರ್ಡ್ ಊರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವರ್ನಾ ಹುಡಾಕ್ ದೊಡ್ಡ ಕಾವಲಿಯ ಮೇಲೆ ಅಂಗೈ ಆಡಿಸಿ ಶಾಖ ನೋಡುತ್ತಾರೆ. "ಇನ್ನೂ ಎದ್ದಿಲ್ಲ ಇದು. ನನ್ನ ಹಾಗೇ ಮುದಿಯಾಯ್ತು" ಎಂದು ಗೊಣಗಿ ಈರುಳ್ಳಿ ಹೆಚ್ಚಲು ನಿಲ್ಲುತ್ತಾರೆ. ಮದುವೆಯಾದ ವರ್ಷದಿಂದ ಅವರದು ಇದೇ ಕಾವಲಿ, ಇದೇ ಮೂಲೆ. ಬರುವ ಶನಿವಾರ ಈ ಬರ್ಗರ್ ಅಂಗಡಿಗೆ ಬೀಗ ಬೀಳುತ್ತದೆ.

'ಟಾಲ್ ಜೋ' ಬರ್ಗರ್ ತಿನ್ನದವರು ಅಮೆರಿಕದಲ್ಲಿ ಯಾರಿದ್ದಾರೆ? ಅದು ಹುಟ್ಟಿದ್ದು ಈ ಕಾವಲಿಯ ಮೇಲೆ. ಅರವತ್ತರ ದಶಕದಲ್ಲಿ ಕಲ್ಲಿದ್ದಲು ಗಣಿಯಿಂದ ಪಾಳಿ ಮುಗಿಸಿ ಬಂದವರಿಗೆ ಒಂದು ಬರ್ಗರ್ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಅಂಗಡಿ ನಡೆಸುತ್ತಿದ್ದ ಜೋ ಬೆನೆಡಿಕ್ ಮಾಂಸವನ್ನು ಎರಡು ಪದರ ಮಾಡಿದ. ಸಾಸ್ ಮೊಣಕೈವರೆಗೆ ಸುರಿಯಿತು. ನಡುವೆ ಇನ್ನೊಂದು ಬ್ರೆಡ್ ತುಂಡು ತುರುಕಿದ, ನಿಂತಿತು. "ಇಷ್ಟೆತ್ತರದ್ದು ಯಾರ ಬಾಯಿಗೆ ಹಿಡಿಯುತ್ತಪ್ಪಾ?" ಎಂದು ಮೂಗು ಮುರಿದ, ಅಂಗಡಿಯ ಒಡೆತನದ ಕಂಪನಿಯೇ ಆಮೇಲೆ ಅದನ್ನು ದೇಶದ ತುಂಬ ಮಾರಿತು. ಗಣಿ ಮುಚ್ಚಿತು, ಜೋ ತೀರಿಕೊಂಡ. ಆ ಕರಗಿದ ಚೀಸು, ಹುಳಿ ಸೌತೆಕಾಯಿ, ಸಿಹಿ ಬೆರೆತ ಸಾಸಿನ ಆಸೆ ಮಾತ್ರ ಯಾರ ನಾಲಿಗೆಯನ್ನೂ ಬಿಟ್ಟಿಲ್ಲ.

ಇನ್ನು ಮುಂದೆ ಅದು ಹೆದ್ದಾರಿ ಪಕ್ಕದ ಕಂಪನಿಯ ಹೊಸ ಅಂಗಡಿಯಲ್ಲಿ ಸಿಗುತ್ತದೆ. ಅಲ್ಲಿ ಬೇಯಿಸುವುದು ಯಂತ್ರ, ಕೊಡುವುದು ಕಾರಿನ ಕಿಟಕಿಗೆ. ಕೂರಲು ಒಂದು ಕುರ್ಚಿಯೂ ಇಲ್ಲ. ಈ ಕಾವಲಿ ಗುಜರಿಗೆ ಹೋಗುತ್ತದೆ.

ಕುರ್ಚಿ ಇಲ್ಲದಿದ್ದರೇನಂತೆ ಎನ್ನಬೇಡಿ. ಬ್ರೆನಾರ್ಡಿನವರು ಸತ್ತವರನ್ನು ಮಣ್ಣು ಮಾಡಿ ನೇರವಾಗಿ ಇಲ್ಲಿಗೇ ಬರುತ್ತಾರೆ. ಹೋದವರು ಹೇಗೆ ತಿನ್ನುತ್ತಿದ್ದರೋ ಹಾಗೆಯೇ ಒಂದು ಟಾಲ್ ಜೋ ಮಾಡಿಸಿ ಖಾಲಿ ಕುರ್ಚಿಯ ಎದುರಿಗಿಡುತ್ತಾರೆ. ತಣ್ಣಗಾದ ಮೇಲೆ ಎಲ್ಲರೂ ಒಂದೊಂದು ತುತ್ತು ಹಂಚಿಕೊಳ್ಳುತ್ತಾರೆ. ಕಳೆದ ವಾರ ಗಂಡನನ್ನು ಕಳೆದುಕೊಂಡ ಲೊರೇನ್ ಕಪ್ಪು ಕೋಟಿನಲ್ಲೇ ಬಂದು ನಿಂತಿದ್ದರು.

"ಈರುಳ್ಳಿ ಹಾಕ್ಬೇಡ ವರ್ನಾ, ಅವನಿಗೆ ಆಗಲ್ಲ."

"ಆಗಲ್ಲ ಅಂತ ನಿನ್ನೆದುರು ಹೇಳ್ತಿದ್ದ ಕಣೇ! ನೀನಿಲ್ಲದಾಗ ಎರಡು ಪಾಲು ಹಾಕಿಸ್ಕೊಳ್ತಿದ್ದ."

ಲೊರೇನ್ ನಕ್ಕರು. ನಗುತ್ತಲೇ ಬಿಕ್ಕಿದರು.

ಈಗ ವರ್ನಾ ಅವರ ಮನೆಯಲ್ಲೇ ಆ ಸರದಿ ಬಂದು ನಿಂತಿದೆ. ಗಂಡ ಮೈಲೋನ ಎದೆಯಲ್ಲಿ ಗಣಿಯ ಧೂಳು ತುಂಬಿದೆ, ಮೂಗಿಗೆ ಆಮ್ಲಜನಕದ ಕೊಳವೆ. ಹಿಮ ಬೀಳುವುದನ್ನು ಈತ ನೋಡುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಊರವರಿಗೆಲ್ಲ ಕೊನೆಯ ಬರ್ಗರ್ ಮಾಡಿಕೊಟ್ಟ ಕೈಗೆ ಸ್ವಂತ ಗಂಡನ ಪಾಲಿನದು ಮಾಡಲು ಕಾವಲಿಯೇ ಇರುವುದಿಲ್ಲ. ಇದಕ್ಕಿಂತ ಅನ್ಯಾಯ ಬೇರೆ ಬೇಕೆ?

ಮೈಲೋನಿಗೂ ಅದು ಗೊತ್ತು. ಮೊನ್ನೆ ಅಡುಗೆಮನೆಯ ಮೇಜಿಗೆ ಒರಗಿ ಕೂತವನು ಉಸಿರೆಳೆದುಕೊಂಡು ಕೇಳಿದನಂತೆ, "ಶನಿವಾರದೊಳಗೆ ಹೊರಟುಬಿಡ್ಲೇನೇ? ನಿನ್ನ ಕೈಯ ಬರ್ಗರ್ರೇ ಸಿಗುತ್ತೆ."

"ಬಾಯಿ ಮುಚ್ಚೋ ಮುದುಕಾ!" ಎಂದು ಇವರು ಪಾತ್ರೆ ಕುಕ್ಕಿದರಂತೆ.

ಇದನ್ನು ಹೇಳುವಾಗ ವರ್ನಾ ಅವರ ಕೈಯ ಚಾಕು ನಿಲ್ಲುತ್ತದೆ. "ಬೈದೆ, ನಿಜ. ಆದ್ರೆ ಅವನು ಬಾಯಿ ಬಿಡೋಕೆ ಮುಂಚೆ ಆ ಯೋಚನೆ ನನ್ನ ತಲೇಲೂ ಬಂದಿತ್ತು. ಥೂ, ಎಂಥ ಹೆಂಗಸು ನಾನು!" ಕಣ್ಣೊರೆಸಿಕೊಳ್ಳುತ್ತಾರೆ. ಈರುಳ್ಳಿಯ ನೆಪ ಹೇಳುವುದಿಲ್ಲ.

ಕಾವಲಿ ಕಾದಿದೆ. ಮೊದಲ ಗಿರಾಕಿ ಬಾಗಿಲು ತಳ್ಳಿ ಒಳಗೆ ಬರುತ್ತಾನೆ. ವರ್ನಾ ಅವನ ಬ್ರೆಡ್ಡನ್ನು ಕಾಯಲಿಟ್ಟು, ಬೆನ್ನು ತಿರುಗಿಸಿಯೇ ಹೇಳುತ್ತಾರೆ:

"ಶನಿವಾರ ಅವನನ್ನ ಕರ್ಕೊಂಡು ಬರ್ತೀನಿ. ಕೊನೇದು ಅವನದ್ದೇ ಮಾಡೋದು, ಸೌತೆಕಾಯಿ ಜಾಸ್ತಿ ಹಾಕಿ. ನುಂಗೋಕಾಗಲ್ಲ, ಗೊತ್ತು. ಎದುರಿಗಿಡ್ತೀನಿ, ನೋಡ್ಲಿ. ಈ ಸಲ ಕುರ್ಚಿ ಖಾಲಿ ಇರಲ್ವಲ್ಲ, ಅಷ್ಟು ಸಾಕು ನಂಗೆ."